ತಗ್ಗು ಚಾವಣಿಯ ಕೆಳಗೆ ಲೆಗ್ ಸ್ಪಿನ್

ಆ ವರ್ಷ ಜೂನ್‌ನಲ್ಲಿ ನಮ್ಮ ಕಟ್ಟಡದ ಹೆಂಗಸರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋದರು. ನಾನೊಬ್ಬಳು ಉಳಿದೆ. ಗಂಡನ ಕಂಪನಿ ಅವರ ಇಕಾಮಾ, ಅಂದರೆ ಈ ಅರಬ್ ದೇಶದಲ್ಲಿ ಇರಲು ಬೇಕಾದ ಪರವಾನಗಿ, ನವೀಕರಿಸಿರಲಿಲ್ಲ. ಅವರದಾಗದೆ ನನ್ನದಾಗುವುದಿಲ್ಲ, ನನ್ನದಾಗದೆ ದೇಶ ದಾಟಿ ಹೋಗಿಬರುವ ವೀಸಾ ಇಲ್ಲ. ಹೆಂಗಸರು ಕಾರು ಓಡಿಸುವ ಕಾಲ ಬಂದಿತ್ತು, ಸರಿ. ಆದರೆ ಡ್ರೈವಿಂಗ್ ಶಾಲೆಯವರೂ ಮೊದಲು ಕೇಳಿದ್ದು ಇಕಾಮಾವನ್ನೇ. "ಮುಂದಿನ ವಾರ ಆಗ್ತದಂತೆ" ಎಂದು ಗಂಡ ಪ್ರತಿ ಭಾನುವಾರ ಹೇಳುತ್ತಿದ್ದರು. ಅವರು ಒಲಾಯಾದ ಆಫೀಸಿಗೆ ಹೊರಟ ಮೇಲೆ ಸಂಜೆಯವರೆಗೆ ನಾನು, ಏಸಿಯ ಸದ್ದು, ಮತ್ತು ಎದುರು ಕಟ್ಟಡದ ಗೋಡೆ.

ಮನೆಗೆ ಜನ ಬರುತ್ತಿದ್ದುದು ಶುಕ್ರವಾರ ಮಾತ್ರ. ಗಂಡ ಕರಾವಳಿಯವರದೇ ಒಂದು ಕ್ರಿಕೆಟ್ ತಂಡದಲ್ಲಿ ಆರಂಭಿಕ ಬ್ಯಾಟ್ಸ್‌ಮನ್. ಬೇಸಿಗೆಯಲ್ಲಿ ಪಂದ್ಯಗಳಿರುವುದಿಲ್ಲ, ಹಾಗಾಗಿ ಬರೀ ಚರ್ಚೆ. ಕ್ಯಾಪ್ಟನ್ ಭಟ್ಕಳದವರು, ಅತ್ತರಿನ ಅಂಗಡಿಯ ಮಾಲೀಕರು. ಜುಮ್ಮಾ ನಮಾಜು ಮುಗಿಸಿ ಬರುವರು. ಅವರ ಜೊತೆಗೆ ಕುಂದಾಪುರದ ಎಕ್ಸ್‌ರೇ ಟೆಕ್ನೀಷಿಯನ್. ತಂಡದ ಏಕೈಕ ವೇಗದ ಬೌಲರ್ ಅವನೇ, ಕಳೆದ ಋತುವಿನ ಕೊನೆಗೆ ಭುಜ ಕೆಡಿಸಿಕೊಂಡಿದ್ದ. ಅವನ ಜಾಗಕ್ಕೆ ಯಾರು ಎಂಬುದೇ ಚರ್ಚೆ. ಕ್ಯಾಪ್ಟನ್ ಬಹಳ ಸಂಕೋಚದ ಮನುಷ್ಯ; ನಾನು ಎದುರಾದರೆ ನೆಲ ನೋಡುತ್ತಿದ್ದರು. ನಮ್ಮ ಅಡುಗೆಮನೆಗೆ ಇದ್ದದ್ದು ಒಂದೇ ಬಾಗಿಲು, ಅದು ಹಾಲಿಗೆ ತೆರೆಯುತ್ತಿತ್ತು. ಅವರು ಬಂದು ಕೂತರೆಂದರೆ, ಚಹಾ ಕೊಡುವ ಹೊತ್ತು ಬಿಟ್ಟು, ಏಳುವವರೆಗೆ ನಾನು ಒಳಗೇ. ಸಿಂಕಿನ ಪಕ್ಕ ಸ್ಟೂಲಿನ ಮೇಲೆ ಕೂತು ಅವರ ಮಾತು ಕೇಳುವುದು ನನ್ನ ಪಾಲಿಗೆ ಬಂದಿತ್ತು.

"ಖಮೀಸ್ ಮುಶೈತ್‌ನಲ್ಲಿ ಒಬ್ಬ ಇದ್ದಾನೆ, ಒಳ್ಳೆ ಪೇಸ್" ಎನ್ನುವರು ಗಂಡ.

"ಅಲ್ಲಿಂದ ಪ್ರತಿ ವಾರ ಬರ್ಲಿಕ್ಕೆ ಅವನಿಗೆ ಮರುಳಾ ಮಾರಾಯ? ಇಲ್ಲೇ ಒಲಾಯಾದ ಎಡಗೈಯವ್ನು ಎಂತ ಆದ?" ಎನ್ನುವರು ಕ್ಯಾಪ್ಟನ್.

"ಅವನಿಗೆ ಹೋಟೆಲ್ ಡ್ಯೂಟಿ. ಶುಕ್ರವಾರ ರಜೆ ಇಲ್ಲ."

ಆರು ವಾರ ಇದೇ ನಡೆಯಿತು. ಯಾರ ಬಾಯಲ್ಲೂ ವೇಗ ಬಿಟ್ಟು ಬೇರೆ ಮಾತಿಲ್ಲ. ನಾನು ಯೂನಿವರ್ಸಿಟಿ ತಂಡಕ್ಕೆ ಮೂರು ವರ್ಷ ಲೆಗ್ ಸ್ಪಿನ್ ಹಾಕಿದವಳು. ಮದುವೆಯ ಮಾತುಕತೆಯಲ್ಲಿ ಅಮ್ಮ ಅದನ್ನು "ಸ್ಪೋರ್ಟ್ಸ್‌ನಲ್ಲೂ ಇದ್ದಾಳೆ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದರು. ಗಂಡ ಆಮೇಲೆ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಇಲ್ಲಿ ಸಿಮೆಂಟಿನ ಮೇಲೆ ಚಾಪೆ ಹಾಸಿ ಆಡುತ್ತಾರೆ ಎಂದು ಅವರ ಮಾತಿನಿಂದಲೇ ತಿಳಿದಿತ್ತು. ಚಾಪೆಯ ಮೇಲೆ ಚೆಂಡು ಹೇಗೆ ತಿರುಗುತ್ತದೆಂದು ನನಗೆ ಗೊತ್ತು.

ಏಳನೆಯ ವಾರ ಚಹಾ ಕೊಡಲು ಬಂದವಳು ಒಳಗೆ ಹೋಗದೆ ನಿಂತೆ.

"ನಿಮಗೆ ಬೇಕಾದ್ದು ಪೇಸ್ ಅಲ್ಲ, ಲೆಗ್ ಸ್ಪಿನ್ನರ್" ಎಂದೆ.

ಗಂಡ ನನ್ನತ್ತ ನೋಡಿದ ನೋಟದಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. ಕ್ಯಾಪ್ಟನ್ ನೆಲ ನೋಡುತ್ತಲೇ ಕೇಳಿದರು, "ಲೆಗ್ ಸ್ಪಿನ್ ಹಾಕುವವ್ರು ಸಿಗ್ಬೇಕಲ್ಲ ಅಕ್ಕ?"

ನಾನು ಬಾಗಿಲ ಬಳಿಯ ಕಿಟ್ ಬ್ಯಾಗಿನಿಂದ ಚೆಂಡು ತೆಗೆದೆ. ಟೀಪಾಯಿ ಸರಿಸಿದೆ. ಚೆಂಡು ಹಿಡಿದು ಒಂಬತ್ತು ವರ್ಷವಾಗಿತ್ತು. ನಿಂತಲ್ಲಿಂದಲೇ ಬಿಟ್ಟ ಚೆಂಡು ಕಾರ್ಪೆಟ್ಟಿಗೆ ಬಿದ್ದು ಒಂದು ಮೊಳ ತಿರುಗಿ ಟೀವಿ ಸ್ಟ್ಯಾಂಡಿಗೆ ಬಡಿಯಿತು.

ಟೆಕ್ನೀಷಿಯನ್ ಎದ್ದು ಚೆಂಡು ಹೆಕ್ಕಿದ. ಅದನ್ನು ತಿರುಗಿಸಿ ನೋಡುತ್ತ ಹೇಳಿದ, "ನನ್ನ ಭುಜ ಇದನ್ನು ತಡೀತದೆ ಅನ್ಸ್ತದೆ. ಕಲಿಸ್ತೀರಾ?"

ಮುಂದಿನ ಶುಕ್ರವಾರದಿಂದ ಬೆಳಿಗ್ಗೆ ಆರಕ್ಕೆ ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಅಭ್ಯಾಸ ಶುರುವಾಯಿತು. ಗಂಡ ವಿಕೆಟ್ ಹಿಂದೆ ನಿಲ್ಲುತ್ತಿದ್ದರು. ವಿಕೆಟ್ ಕಾಯಲಿಕ್ಕೂ ಸೈ, ನನ್ನ ಕಾವಲಿಗೂ ಸೈ ಎನ್ನುವ ಹಾಗೆ. ಮೊದಲ ದಿನ ಕಟ್ಟಡದ ಯೆಮನಿ ಕಾವಲುಗಾರ "ಮಮ್ನೂ, ಮಮ್ನೂ", ಕೂಡದು ಎಂದು ತಡೆದ. ಎರಡನೆಯ ವಾರ ಪ್ಲಾಸ್ಟಿಕ್ ಕುರ್ಚಿ ತಂದು ನೋಡುತ್ತ ಕೂತ. ಚೆಂಡಿನ ಹಿಡಿತ, ಉಂಗುರದ ಬೆರಳಿನ ಕೆಲಸ, ಮಣಿಕಟ್ಟು ತಿರುವುವುದು ಎಲ್ಲ ಹೇಳಿಕೊಟ್ಟೆ. ಆದರೆ ಲೆಗ್ ಸ್ಪಿನ್ನಿನ ಜೀವ ಇರುವುದು ಚೆಂಡನ್ನು ಗಾಳಿಯಲ್ಲಿ ಎತ್ತಿ ಬಿಡುವುದರಲ್ಲಿ. ಅಲ್ಲಿ ಚಾವಣಿ ತಗ್ಗು, ಅದರ ಕೆಳಗೆ ಬೆಂಕಿ ನಂದಿಸುವ ನೀರಿನ ಕೆಂಪು ಪೈಪುಗಳು. ಎತ್ತಿದಾಗಲೆಲ್ಲ ಚೆಂಡು ಪೈಪಿಗೆ ತಾಗಿ ಠಣ್ ಎಂದು ಕೆಳಗೆ ಬೀಳುತ್ತಿತ್ತು.

"ಹೊರಗೆ ಆದ್ರೆ ಇನ್ನೂ ಎರಡು ಅಡಿ ಮೇಲೆ ಹೋಗ್ಬೇಕು" ಎಂದೆ ಅವನಿಗೆ.

"ಹೊರಗೆ ಹೋಗಿ ತೋರಿಸ್ಬಹುದಲ್ಲ?" ಎಂದು ಅವನು ಸಹಜವಾಗಿ ಕೇಳಿದ.

ನಾನು ಗಂಡನನ್ನು ನೋಡಿದೆ. ಅವರು ಗ್ಲೌಸ್ ಬಿಚ್ಚುತ್ತ, "ಮೈದಾನದಲ್ಲಿ ಬೇರೆ ತಂಡದವ್ರೂ ಇರ್ತಾರೆ, ಸುಮ್ನೆ ಎಂತಕ್ಕೆ" ಎಂದರು. ನಿಷೇಧವೇನೂ ಇರಲಿಲ್ಲ. ಯಾರಾದರೂ ಬೇಡವೆಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಸೆಪ್ಟೆಂಬರಿನಲ್ಲಿ ಇಕಾಮಾ ಬಂತು. ಅಷ್ಟರಲ್ಲಿ ಊರಿಗೆ ಹೋದವರೆಲ್ಲ ವಾಪಸಾಗಿದ್ದರು, ಗಂಡನಿಗೆ ಊರಿಗೆ ಹೋಗಲು ರಜೆ ಸಿಗುವ ಕಾಲ ಮುಗಿದಿತ್ತು. ಹೊಸ ಋತುವಿನ ತಂಡದ ಪಟ್ಟಿ ವಾಟ್ಸಾಪಿನಲ್ಲಿ ಬಂದಾಗ ಗಂಡ ತೋರಿಸಿದರು. ಬೌಲಿಂಗ್ ಕೋಚ್ ಎಂದಿದ್ದಲ್ಲಿ ಗಂಡನದೇ ಹೆಸರಿತ್ತು.

"ಕ್ಯಾಪ್ಟನ್ ನಿನ್ನ ಹೆಸರೇ ಹಾಕುವಾ ಅಂದ್ರು. ನಾನೇ ಬೇಡ ಅಂದೆ. ನಾಳೆ ನಾಲ್ಕು ಜನ ನಾಲ್ಕು ಮಾತಾಡ್ತಾರೆ."

ನನಗೆ ಅಳು ಬರಲಿಲ್ಲ. ಫೋನನ್ನು ಮಗುಚಿಟ್ಟು ಅನ್ನಕ್ಕೆ ಇಟ್ಟೆ. ಎರಡು ದಿನ ಅವರೊಡನೆ ಮಾತಾಡಲಿಲ್ಲ. ಮೂರನೆಯ ದಿನ, "ಪಂದ್ಯಕ್ಕೆ ನಾನೂ ಬರ್ತೇನೆ" ಎಂದೆ. ಅವರು ಒಪ್ಪಿದರು.

ಮೈದಾನ ಊರಾಚೆ, ಹುಲ್ಲಿಲ್ಲದ ಬಯಲು. ಗಂಡ ಕಾರನ್ನು ಬೌಂಡರಿ ಪಕ್ಕ ನಿಲ್ಲಿಸಿ ಏಸಿ ಚಾಲೂ ಬಿಟ್ಟು, "ಇಲ್ಲಿಂದ ಚೆನ್ನಾಗಿ ಕಾಣ್ತದೆ" ಎಂದು ಹೋದರು. ಗಾಜಿನ ಹಿಂದಿನಿಂದ ಸದ್ದಿಲ್ಲದ ಆಟ ನೋಡಿದೆ. ಟೆಕ್ನೀಷಿಯನ್ನಿನ ಮೊದಲ ಓವರಿನಲ್ಲಿ ಎರಡು ಸಿಕ್ಸರ್ ಹೋದವು. ಚೆಂಡು ತಿರುಗುತ್ತಿತ್ತು, ಗಾಳಿಯಲ್ಲಿ ಏಳುತ್ತಿರಲಿಲ್ಲ. ಪಾರ್ಕಿಂಗಿನ ಚಾವಣಿ ಅವನ ಕೈಯಲ್ಲಿ ಇನ್ನೂ ಇತ್ತು.

ಓವರ್ ಮುಗಿಸಿ ಅವನು ಬೌಂಡರಿಗೆ ಬಂದ. ನೇರ ಕಾರಿನ ಬಳಿ ನಡೆದು ಗಾಜು ತಟ್ಟಿದ. ಇಳಿಸಿದೆ, ಬಿಸಿಗಾಳಿ ನುಗ್ಗಿತು.

"ಎಂತ ತಪ್ಪಾಗ್ತಾ ಉಂಟು?"

"ಜೋರಾಗಿ ಬಿಡ್ತಾ ಇದ್ದಿ. ಕಣ್ಣಿನ ಮಟ್ಟಕ್ಕಿಂತ ಮೇಲೆ ಕಳಿಸು. ಅವನು ಮುಂದೆ ಬರ್ಲಿ, ಹೆದರ್ಬೇಡ" ಎಂದು ಸೀಟಿನಲ್ಲಿ ಕೂತೇ ಮಣಿಕಟ್ಟು ತಿರುವಿ ತೋರಿಸಿದೆ. ಸ್ಲಿಪ್ಪಿನಲ್ಲಿ ನಿಂತ ಗಂಡ, ಆಚೆಯ ತಂಡದವರು, ಎಲ್ಲರೂ ಇತ್ತಲೇ ನೋಡುತ್ತಿದ್ದರು.

ಆ ದಿನ ಅವನಿಗೆ ಮೂರು ವಿಕೆಟ್ ಬಿದ್ದವು. ಮೂರನೆಯದು ಬಿದ್ದಾಗ ಕ್ಯಾಪ್ಟನ್ ಕಾರಿನತ್ತ ತಿರುಗಿ ಒಮ್ಮೆ ಕೈ ಎತ್ತಿದರು. ನಾನೂ ಎತ್ತಿದೆ. ಬಾಗಿಲು ಲಾಕ್ ಆಗಿರಲಿಲ್ಲ, ಇಳಿದು ಹೋಗಬಹುದಿತ್ತು. ಹೋಗಲಿಲ್ಲ ಏಕೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.