ಗಂಜಿ ತಪ್ಪಲೆಯಲ್ಲಿ ಬೆಂದ ತಂತಿ

ನಾಡಿದ್ದು ಹೊನ್ನಾವರದಲ್ಲಿ ನಮ್ಮ ಬ್ಲೂಸ್ ಕಾರ್ಯಕ್ರಮ. ಇವತ್ತು ಬೇಸ್ ಗಿಟಾರಿನ ಹಳೇ ತಂತಿ ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆ. ಕೈಗೆ ಅಂಟಿದ ಕಬ್ಬಿಣದ ವಾಸನೆ ಕುಮಟಾದ ನಮ್ಮ ಹಳೇ ಅಡುಗೆಮನೆಗೆ ಎಳೆದೊಯ್ದಿತು.

ಅಪ್ಪ ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದ. ಬೆವರಿಗೆ, ಉಪ್ಪುಗಾಳಿಗೆ ತಂತಿಯ ದನಿ ಮಂಕಾದಾಗಲೆಲ್ಲ ಬಿಚ್ಚಿ ನೀರಲ್ಲಿ ಕುದಿಸುತ್ತಿದ್ದ. ಜಿಡ್ಡು ಬಿಟ್ಟು ದನಿ ಮರಳುತ್ತಿತ್ತು. ಅವನು ಹೊಸ ತಂತಿ ಕೊಂಡದ್ದನ್ನು ನಾನು ನೋಡಿಯೇ ಇಲ್ಲ.

"ಗಂಜಿ ತಪ್ಪಲೆನೇ ಬೇಕಾ ನಿಮ್ಗೆ? ಮಕ್ಳು ಎಂತ ಉಣ್ಬೇಕು, ತುಕ್ಕಾ?" ಎಂದು ಆಯಿ, ನನ್ನಮ್ಮ, ಕೂಗುತ್ತಿದ್ದಳು. ಅಪ್ಪ ಹುಣಸೆಹಣ್ಣು ಹಚ್ಚಿ ತಪ್ಪಲೆ ತಿಕ್ಕುತ್ತಿದ್ದ.

ಈಗ ಅಪ್ಪ ಇಲ್ಲ. ನನಗೆ ಪ್ರತಿ ಕಾರ್ಯಕ್ರಮಕ್ಕೂ ಹೊಸ ತಂತಿ. ಹಳೆಯದನ್ನು ಬಿಸಾಡುವಾಗ ಮಾತ್ರ ಕಳ್ಳನ ಹಾಗೆ ಆಚೀಚೆ ನೋಡುತ್ತೇನೆ.

ಇವತ್ತು ಆಯಿ ನೋಡಿಬಿಟ್ಟಳು. ಬಗ್ಗಿ, ಬುಟ್ಟಿಯಿಂದ ಆ ಸುರುಳಿ ಎತ್ತಿಕೊಂಡಳು.

"ಎಂತಕ್ಕೆ ಬಿಸಾಕ್ದ್ಯೋ? ತಪ್ಪಲೆ ನಾನೇ ಕೊಡ್ತಿದ್ನಲ್ಲ."