ಯಾರಿಂಡಾ ಹಡಗಿಗೆ ಹಚ್ಚಿದ ಕುಂಕುಮ

ಕಮಲಾಕ್ಷರಿಗೆ ಹೆದರಿಕೆ ಎಂಬುದು ಕೈಹಿಡಿದ ಹೆಂಡತಿಗಿಂತ ಹಳೆಯ ಸಂಗಾತಿ. ಮಲ್ಪೆಯ ಬೋಟ್ ಯಾರ್ಡಿನಲ್ಲಿ ಫಿಟ್ಟರ್ ಆಗಿದ್ದಾಗಲೇ ಬಿಗಿದ ಬೋಲ್ಟನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದರು. ಸಿಡ್ನಿಗೆ ಬಂದು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಮೇಲೂ, ಬೀಗ ಹಾಕಿದ್ದೇನೋ ಇಲ್ಲವೋ ಎಂದು ಟೂಂಗಾಬಿ ಸ್ಟೇಷನ್ನಿನಿಂದ ಮನೆಗೆ ವಾಪಸು ಬರುವುದುಂಟು. ಅಂಥ ಮನುಷ್ಯ ಒಂದು ಮುದಿ ಹಡಗಿನ ಮೇಲೆ ಜೀವ ಇಟ್ಟುಕೊಂಡರೆ ಇನ್ನೇನಾಗುತ್ತದೆ, ಇದ್ದಬದ್ದ ನಿದ್ದೆಯೂ ಹೋಯಿತು.

ಹಡಗಿನ ಹೆಸರು ಯಾರಿಂಡಾ. ಎರಡನೇ ಮಹಾಯುದ್ಧದ ನಡುವೆ ಮೆಲ್ಬರ್ನಿನ ವಿಲಿಯಮ್ಸ್‌ಟೌನಿನಲ್ಲಿ ಗಡಿಬಿಡಿಯಿಂದ ಕಟ್ಟಿದ ಸರಕು ಹಡಗು. ಒಂದು ಕಡೆ ಹಡಗುಗಳು ಮುಳುಗುತ್ತಿದ್ದಾಗ ರಿವೆಟ್ ಮೊಳೆ ಹೊಡೆಯುತ್ತ ಕೂರಲು ಪುರುಸೊತ್ತು ಯಾರಿಗಿತ್ತು? ಉಕ್ಕಿನ ಹಾಳೆಗೆ ಹಾಳೆ ಬೆಸೆದು ನೀರಿಗೆ ನೂಕಿದರು. ನ್ಯೂಗಿನಿಗೆ ಮದ್ದುಗುಂಡು ಹೊತ್ತಳು, ಬರುವಾಗ ಗಾಯಾಳುಗಳನ್ನು ತಂದಳು. ಯುದ್ಧ ಮುಗಿದ ಮೇಲೆ ಗೋಧಿ, ಉಣ್ಣೆ, ಕಲ್ಲಿದ್ದಲು. ಕೊನೆಗೆ ಯಾರಿಗೂ ಬೇಡವಾಗಿ ಸಿಡ್ನಿಯ ಮೂಲೆಯೊಂದರಲ್ಲಿ ತುಕ್ಕು ಹಿಡಿಯುತ್ತಿದ್ದವಳನ್ನು ಹಡಗಿನ ಹುಚ್ಚು ಹತ್ತಿದ ಕೆಲವರು ಉಳಿಸಿಕೊಂಡರು. ಆ ಹುಚ್ಚರಲ್ಲಿ ಕಮಲಾಕ್ಷರೂ ಒಬ್ಬರು.

ಈಗ ಅವಳನ್ನು ಹುಟ್ಟಿದ ಊರಾದ ಮೆಲ್ಬರ್ನಿಗೆ ಅವಳದೇ ಎಂಜಿನ್ನಿನ ಬಲದಲ್ಲಿ ಕರೆದೊಯ್ಯಬೇಕಿತ್ತು. ಅಲ್ಲಿ ನಿಲ್ಲಲು ಶಾಶ್ವತ ಜಾಗ ಸಿಕ್ಕಿತ್ತು. ಸಿಡ್ನಿಯ ಜಾಗ ಈ ತಿಂಗಳೇ ಖಾಲಿಯಾಗಬೇಕು. ಹೊರಡದಿದ್ದರೆ ಅವಳು ಗುಜರಿಗೆ. ಮೆಲ್ಬರ್ನಿನ ವೆರಿಬೀಯಲ್ಲಿರುವ ಮಗಳು ಅಶ್ವಿತಾ ದಡದಲ್ಲೇ ನಿಂತು ಕಾಯುತ್ತೇನೆ ಎಂದಿದ್ದಳು. ಎಂಜಿನ್ ರೂಮಿನಲ್ಲಿ ಅಪ್ಪನಿಗೆ ಜಾಗ ಖಾತ್ರಿಯಾಗಿತ್ತು.

ನವರಾತ್ರಿಗೆ ಹೆಂಡತಿ ಕುಸುಮಾವತಿ ಹಡಗಿಗೇ ಬಂದು ಆಯುಧಪೂಜೆ ಮಾಡಿದ್ದರು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಎಂಜಿನ್ನಿಗೂ ಪಂಪಿಗೂ ಹಚ್ಚಿ, ಕುಂಬಳಕಾಯಿ ಒಡೆಸಿ, ಬಿಳಿಯರ ಕೈಗೂ ಪ್ರಸಾದ ಕೊಟ್ಟು ಹೋಗಿದ್ದರು.

ಹೊರಡುವ ಹಿಂದಿನ ದಿನ ಸಂಯುಕ್ತಾ ಹಡಗಿನ ಒಡಲಿನ ಕೊನೆಯ ತಪಾಸಣೆಗೆ ಇಳಿದಳು. ಮೈಸೂರಿನ ಹುಡುಗಿ, ಹಡಗಿನ ಎಂಜಿನಿಯರು. ಸಿಡ್ನಿಯ ವೆಸ್ಟ್‌ಮೀಡಿನಿಂದ ವಾರದ ರಜೆಯಲ್ಲಿ ಬಂದು ಪುಕ್ಕಟೆ ದುಡಿಯುತ್ತಿದ್ದಳು. ಅವಳು ಹೂಂ ಅಂದರೆ ಪ್ರಯಾಣ, ಇಲ್ಲದಿದ್ದರೆ ಇಲ್ಲ.

"ಅಂಕಲ್, ಸ್ವಲ್ಪ ಟಾರ್ಚ್ ಹಿಡೀರಿ," ಎಂದಳು. ಪಂಪಿನ ಪಕ್ಕದ ಗೋಡೆಯಲ್ಲಿ, ಬೆಸುಗೆಯ ಕೆಳಗೆ ಕೆಂಪು ಗೆರೆಯೊಂದು ಇಳಿದಿತ್ತು. "ಬೆಸುಗೆ ಬಿರುಕು ಬಿಟ್ರೆ ತುಕ್ಕು ಹೀಗೇ ಇಳಿಯೋದು. ಯುದ್ಧದ ಟೈಮಲ್ಲಿ ಕಟ್ಟಿದ ಹಡಗುಗಳು ಕೆಲವು ಸಮುದ್ರದ ಮಧ್ಯೆ ಎರಡು ತುಂಡಾಗಿವೆ, ಗೊತ್ತಲ್ವಾ?"

ಕಮಲಾಕ್ಷ ಟಾರ್ಚನ್ನು ಗೆರೆಯ ಹತ್ತಿರ ತಂದರು. ಅಷ್ಟರಲ್ಲಿ ಪಂಪಿನ ಮೇಲಿನ ಕುಂಕುಮ ಕಣ್ಣಿಗೆ ಬಿತ್ತು. ಹೋದ ಜೀವ ಬಂದಂತಾಯಿತು.

"ಅದು ಕುಂಕುಮ ಮಾರಾಯ್ತಿ. ಕುಸುಮ ಪೂಜೆಗೆ ಹಚ್ಚಿದ್ದು, ತೇವಕ್ಕೆ ಕರಗಿ ಇಳಿದದ್ದು."

"ಶೂರಾ ಅಂಕಲ್?"

"ಶೂರ್."

ಸಂಯುಕ್ತಾ ನಕ್ಕುಬಿಟ್ಟಳು. ಅವರು ಬಟ್ಟೆಯಿಂದ ಗೆರೆಯನ್ನು ಒರೆಸಿದರು, ಅವಳು ಮೇಲೆ ಹೋಗಿ ತಪಾಸಣೆ ಪತ್ರಕ್ಕೆ ಸಹಿ ಹಾಕಿದಳು. ಬೀಗವನ್ನು ನಾಲ್ಕು ಸಲ ಎಳೆದು ನೋಡುವ ಮನುಷ್ಯ ಅಂದು ಒಂದು ಸಲವೂ ಆ ಕೆಂಪನ್ನು ಬೆರಳಿನಿಂದ ಮುಟ್ಟಿ ನೋಡಲಿಲ್ಲ. ಅದು ಕುಂಕುಮವೇ ಆಗಿರಬೇಕೆಂಬ ಆಸೆ ಅಷ್ಟಿತ್ತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೆಳಗಿಳಿದರು. ಒರೆಸಿದ ಜಾಗದಲ್ಲೇ ಗೆರೆ ಮತ್ತೆ ಇಳಿದಿತ್ತು, ಕೂದಲೆಳೆಯಷ್ಟು ತೆಳ್ಳಗೆ. ಬೆರಳಿಗೆ ತಾಗಿದ್ದು ತರಿತರಿಯಾಗಿತ್ತು, ಕುಂಕುಮದ ಎಣ್ಣೆಜಿಡ್ಡಿರಲಿಲ್ಲ. ಹೆಂಡತಿಗೆ ಫೋನ್ ಮಾಡಿದರು.

"ನೀನು ಪಂಪಿನ ಪಕ್ಕದ ಗೋಡೆಗೂ ಕುಂಕುಮ ಹಚ್ಚಿದ್ದೆಯಾ?"

"ಪಂಪಿಗೆ ಹಚ್ಚಿದ್ದು. ಗೋಡೆಗೆ ಯಾರಾದರೂ ಹಚ್ತಾರಾ ಮಾರಾಯ್ರೆ?" ಎಂದರು ಕುಸುಮಾವತಿ. "ಎಂತ ಆಯ್ತು? ಸ್ವರ ಯಾಕೆ ಹೀಗುಂಟು?"

ಏನೂ ಇಲ್ಲ ಎಂದು ಫೋನ್ ಇಟ್ಟರು. ಮೇಲೆ ಬಾವುಟ ಕಟ್ಟುವವರ ನಗು ಕೇಳುತ್ತಿತ್ತು. ಒರೆಸುವ ಬಟ್ಟೆ ಜೇಬಿನಲ್ಲೇ ಇತ್ತು. ಒಮ್ಮೆ ಒರೆಸಿದರೆ ಮೆಲ್ಬರ್ನ್ ತನಕ ಯಾರ ಕಣ್ಣಿಗೂ ಬೀಳಲಿಕ್ಕಿಲ್ಲ, ಹಡಗು ಉಳಿಯುತ್ತದೆ. ಸಮುದ್ರ ಶಾಂತವಾಗಿದ್ದರೆ. ಆದರೆ ದಾರಿಯಲ್ಲಿ ಬಾಸ್ ಜಲಸಂಧಿಯ ಅಲೆಗಳಿದ್ದವು. ಆ ನಗುವವರೆಲ್ಲ ಇದೇ ಹಡಗಿನಲ್ಲಿ ಹೋಗುವವರು. ಸಂಯುಕ್ತಾ ಕೂಡ. ಬಟ್ಟೆಯನ್ನು ಹೊರಗೆ ತೆಗೆದರು, ಮಡಚಿ ಮತ್ತೆ ಜೇಬಿಗೆ ಹಾಕಿದರು. ಏಣಿ ಹತ್ತಿದರು.

ಸಂಯುಕ್ತಾಳನ್ನು ಮಾತ್ರ ಕರೆದು ತಂದರು. ಗೆರೆ ಕಂಡದ್ದೇ ಅವಳ ಮುಖ ಬಿಳಿಚಿಕೊಂಡಿತು. ಅವರ ಮುಖ ನೋಡದೆ ಕೇಳಿದಳು:

"ಇದೂ ಕುಂಕುಮಾನೇ ಅಲ್ವಾ ಅಂಕಲ್?"

ಹೂಂ ಅಂದರೆ ನಂಬಲು ಅವಳು ಸಿದ್ಧಳಿದ್ದಳು. ಮೇಲೆ ಯಾರೋ ಹಡಗಿನ ಸೀಟಿ ಸರಿಯಿದೆಯೇ ಎಂದು ಒಮ್ಮೆ ಊದಿಸಿದರು. ಅದು ನಿಲ್ಲುವ ತನಕ ಕಮಲಾಕ್ಷ ಕಾದರು.

"ಅಲ್ಲಮ್ಮ," ಎಂದರು. "ನಿನ್ನೆಯದೂ ಅಲ್ಲ."