ಸಾಹೇಬರ ಸೀಟಿನ ಕೆಳಗಿನ ಬ್ಯಾಟರಿ

೧೯೭೭ರಲ್ಲಿ ನನ್ನನ್ನು ಹುನಗುಂದ, ಬಾದಾಮಿ, ಬಾಗಲಕೋಟೆ ಮೂರೂ ತಾಲೂಕು ಸುತ್ತುವ ಸಂಚಾರಿ ಪಶುಚಿಕಿತ್ಸಾ ಘಟಕಕ್ಕೆ ವೈದ್ಯನಾಗಿ ಹಾಕಿದರು. ಘಟಕ ಎಂದರೆ ಭಾರೀ ಏನೋ ಅಂದುಕೊಳ್ಳಬೇಡಿ. ನಾನು, ಒಬ್ಬ ಡ್ರೈವರ್, ಒಂದು ಔಷಧದ ಪೆಟ್ಟಿಗೆ, ಒಂದು ಜೀಪು. ಅಷ್ಟೇ. ಆದರೆ ಆ ಜೀಪು ನೋಡಿದ ಕೂಡಲೇ ನನಗೆ ಹುಚ್ಚು ಹಿಡಿಯಿತು. ಅಲ್ಲಿಯವರೆಗೆ ಸೈಕಲ್ ಮೇಲೆ ದವಾಖಾನೆಗೆ ಹೋಗಿಬಂದವನು ನಾನು. ಇದು ಸೈನ್ಯದವರು ಬಳಸಿ ಬಿಟ್ಟ, ನಾಲ್ಕೂ ಗಾಲಿಗಳು ಎಂಜಿನ್ನಿನ ಜೋರಿನಿಂದ ತಿರುಗುವ ಗಾಡಿ. ಫೋರ್ ವ್ಹೀಲ್ ಡ್ರೈವ್ ಅನ್ನುತ್ತಾರಲ್ಲ, ಅದು. ರಸ್ತೆ ಇಲ್ಲದ ಕಡೆ ಹೋಗಲೆಂದೇ ಹುಟ್ಟಿದ್ದು. ಬಾಗಿಲಿಲ್ಲ, ಮೇಲೆ ಬರೀ ತಾಡಪತ್ರಿಯ ಹೊದಿಕೆ, ಬಣ್ಣ ಅಲ್ಲಲ್ಲಿ ಎದ್ದಿತ್ತು. ನನಗೋ ಅದು ರಾಜನ ರಥ!

ಡ್ರೈವರ್ ಮೌಲಾಸಾಬರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಇಸ್ತ್ರಿ ಮಾಡಿದ ಖಾಕಿ, ಕಿವಿಯ ಹಿಂದೆ ಒಂದು ಬೀಡಿ, ಮಾತು ಕಡಿಮೆ. ಸಾಹೇಬರಿಗೆ, ಅಂದರೆ ಡ್ರೈವರ್ ಪಕ್ಕದಲ್ಲಿ ಕೂಡುವ ಅಧಿಕಾರಿಗೆ, ಅವರು ಕೊಡುತ್ತಿದ್ದ ಮರ್ಯಾದೆ ಹೇಳತೀರದು. ನನ್ನ ಸೀಟಿನ ಮೇಲೆ ದಿನಾ ಒಗೆದ ಟಾವೆಲ್ ಹಾಸುತ್ತಿದ್ದರು. ನಾನು ಕುಳಿತ ಮೇಲೆಯೇ ತಾವು ಕೂಡುತ್ತಿದ್ದರು. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು, ಆಮೇಲೆ ರೂಢಿಯಾಯಿತು. ಮನುಷ್ಯನಿಗೆ ಮರ್ಯಾದೆ ಬಹಳ ಬೇಗ ರೂಢಿಯಾಗುತ್ತದೆ ನೋಡಿ.

ಅವರದೊಂದು ವಿಚಿತ್ರ ಪದ್ಧತಿ ಇತ್ತು. ಎಲ್ಲಿಗೇ ಹೋಗಲಿ, ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸುವುದು. ಅವರ ಮಾತಿನಲ್ಲಿ ಅದು ‘ಉತಾರ’. ಬಾದಾಮಿಯಲ್ಲಿ ಅದಕ್ಕೇನು ಬರ? ಎತ್ತ ನೋಡಿದರೂ ಗುಡ್ಡ. ಆದರೆ ಪಟ್ಟದಕಲ್ಲಿಗೆ ಹೋದಾಗ ದನಗಳು ಒಂದು ಕಡೆ, ನಮ್ಮ ಜೀಪು ಎಲ್ಲೋ ದೂರದ ಹೊಳೆಯ ದಂಡೆಯ ಏರಿನ ಮೇಲೆ. ಔಷಧದ ಪೆಟ್ಟಿಗೆ ಹೊತ್ತು ಬಿಸಿಲಲ್ಲಿ ನಡೆದೆವು. ಕೆಲಸ ಮುಗಿದ ಮೇಲೆ ಮೌಲಾಸಾಬರು ಬ್ರೇಕು ಬಿಡುತ್ತಿದ್ದರು, ಗಾಡಿ ತಾನೇ ಉರುಳುತ್ತಿತ್ತು, ನಡುವೆ ಗೇರ್ ಹಾಕಿದರೆ ‘ಧಡ್’ ಎಂದು ಎಂಜಿನ್ ಚಾಲೂ. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ಮೂರು ತಾಲೂಕಿನ ಒಂದೊಂದು ಉತಾರವೂ ಅವರ ತಲೆಯಲ್ಲಿತ್ತು. ಕಲಾದಗಿಯಲ್ಲಿ ಯಾವ ಓಣಿ, ಇಳಕಲ್ಲಿನಲ್ಲಿ ಯಾವ ತಿರುವು, ಎಲ್ಲ. ಬ್ಯಾಟರಿ ಸ್ವಲ್ಪ ಸುಸ್ತಾಗಿದೆ, ಹಳೆಯ ಗಾಡಿಗೆ ಇದೆಲ್ಲ ಸಹಜ ಎಂದುಕೊಂಡು ನಾನು ಸುಮ್ಮನಿದ್ದೆ.

ಮೇ ತಿಂಗಳಲ್ಲಿ ಇಳಕಲ್ಲಿನ ದನದ ಸಂತೆಯಲ್ಲಿ ಒಬ್ಬ ಹೆಂಗಸು ನನ್ನನ್ನು ಅಡ್ಡಗಟ್ಟಿದಳು. ಹೆಸರು ನೀಲವ್ವ. ರಾಮಥಾಳದ ಆಚೆಯ ಎರಿ ಭೂಮಿಯ, ಅಂದರೆ ಕಪ್ಪು ಮಣ್ಣಿನ ಸೀಮೆಯ ಒಂದು ಸಣ್ಣ ಊರಿನವಳು. ಗಂಡ ತೀರಿದ ಮೇಲೆ ತಾನೇ ಕೂರಿಗೆ ಹಿಡಿದು ಬಿತ್ತುವ ಗಟ್ಟಿಗಿತ್ತಿ.

“ಯಪ್ಪಾ ಡಾಕ್ಟರಾ, ನಿಮ್ಮ ಗಾಡಿ ನಮ್ಮೂರಿಗೆ ಯಾಕ ಬರೂದಿಲ್ಲ? ಹ್ವಾದ ವರ್ಷ ಗಂಟಲ ಬ್ಯಾನಿ ಬಂದು ನನ್ನ ಎತ್ತ ಸತ್ತು ಹೋತು. ಒಂಟೆತ್ತ ಕಟ್ಟಿ ಬಿತ್ತಾಕ ಆಗತೈತೇನು? ಈಗ ತವರುಮನಿಯವ್ರು ಒಂದು ಹೋರಿ ಕೊಟ್ಟಾರ. ಅದೂ ಹ್ವಾದ್ರ ನಾ ಏನ್ ಮಾಡ್ಲಿ?”

ಗಂಟಲ ಬೇನೆ ಎಂದು ಆಕೆ ಹೇಳಿದ್ದು ಗಳಲೆ ರೋಗ. ಮೊದಲ ಮಳೆಯ ಹಿಂದೆಯೇ ಬರುತ್ತದೆ. ಬೆಳಿಗ್ಗೆ ಮೇವು ತಿಂದ ಎತ್ತು, ಗಂಟಲು ಬಾತು, ಉಸಿರು ಕಟ್ಟಿ, ಮರುದಿನ ಇರುವುದಿಲ್ಲ. ಮುಂಚೆಯೇ ಲಸಿಕೆ ಹಾಕಬೇಕು, ಹಾಕಿದ ಮೇಲೆ ಮೈಯಲ್ಲಿ ರೋಗ ತಡೆಯುವ ಶಕ್ತಿ ಬರಲು ಎರಡು ವಾರವಾದರೂ ಬೇಕು. ಮಳೆ ಹಿಡಿಯಿತೆಂದರೆ ಎರಿ ದಾರಿಯಲ್ಲಿ ನಾಲ್ಕು ಗಾಲಿಯಲ್ಲ, ಎಂಟು ಗಾಲಿ ತಿರುಗಿದರೂ ಗಾಡಿ ಹೋಗುವುದಿಲ್ಲ. ನಮಗಿದ್ದದ್ದು ಅದೊಂದೇ ತಿಂಗಳು.

“ಬರ್ತೇನಿ ಅವ್ವಾ, ಖರೇನ ಬರ್ತೇನಿ” ಎಂದು ಮಾತು ಕೊಟ್ಟು ಮೌಲಾಸಾಬರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು.

“ಯಾಕ್ರಿ ಮೌಲಾಸಾಬ್ರ, ಆ ಊರಿಗೆ ನಾವು ಒಮ್ಮೆನೂ ಹೋಗಿಲ್ಲಲ್ಲ?”

“ಅಲ್ಲಿ ಉತಾರಿಲ್ರಿ ಸಾಹೇಬ್ರ.”

ನಾನು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ಅರ್ಧಕ್ಕೇ ನಿಂತಿತು. ನಾನು ಟೂರಿನ ಮಾತು ತೆಗೆದಾಗಲೆಲ್ಲ ಅವರು “ಆ ಊರು ಮುಂದಿನ ವಾರ ನೋಡೂಣ್ರಿ” ಎನ್ನುತ್ತಿದ್ದದ್ದು ನೆನಪಾಯಿತು. ಎಷ್ಟೋ ವರ್ಷಗಳಿಂದ ಇಳಿಜಾರಿದ್ದ ಊರಿನ ದನಗಳಿಗೆ ಲಸಿಕೆ, ಬಯಲಿನ ಊರಿನ ದನಗಳಿಗೆ ದೇವರೇ ಗತಿ! ಯಾವ ಸಾಹೇಬನೂ ಇದನ್ನು ಬೇಕೆಂದು ಮಾಡಿರಲಿಲ್ಲ, ಯಾವ ಡ್ರೈವರನೂ ಮಾಡಿರಲಿಲ್ಲ. ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

“ಹಂಗಾರ ಬ್ಯಾಟರಿ ಸರಿ ಮಾಡಸೂಣ್ರಿ. ಎಲ್ಲೈತಿ ಅದು?”

ಮೌಲಾಸಾಬರು ಕೆಮ್ಮಿದರು. “ನಿಮ್ಮ ಕೆಳಗ ಐತ್ರಿ.”

ಇಷ್ಟು ದಿನ ನಾನು ಅದರ ಮೇಲೇ ಕುಳಿತಿದ್ದೆ! ಸೀಟಿನ ಕೆಳಗೆ ಒಂದು ಕಬ್ಬಿಣದ ಗುಂಡಿ, ಅದರಲ್ಲಿ ಬ್ಯಾಟರಿ, ಮೇಲೊಂದು ತಗಡಿನ ಮುಚ್ಚಳ. ಅದನ್ನು ಕಾಣಬೇಕಾದರೆ ಸೀಟಿನ ನಾಲ್ಕು ಬೋಲ್ಟು ಬಿಚ್ಚಬೇಕು. ಒಂದು ಬೋಲ್ಟಿಗೆ ಗಾಡಿಯ ಕೆಳಗೆ ಮಲಗಿ ಕೈ ಹಾಕಬೇಕು. ಆಮೇಲೆ ಮುಚ್ಚಳದ ತುಕ್ಕು ಹಿಡಿದ ಸ್ಕ್ರೂಗಳು. ಬ್ಯಾಟರಿಯ ಒಳಗಿನ ಆಸಿಡ್ ನೀರು ಬಿಸಿಲಿಗೆ ಆರುತ್ತದೆ. ಆಗಾಗ ಡಿಸ್ಟಿಲ್ಡ್ ವಾಟರ್, ಅಂದರೆ ಲವಣ ತೆಗೆದ ಶುದ್ಧ ನೀರು, ಹಾಕುತ್ತಲೇ ಇರಬೇಕು. ಇಲ್ಲವಾದರೆ ಒಳಗಿನ ಪ್ಲೇಟುಗಳು ಒಣಗಿ ಕೆಡುತ್ತವೆ. ಇಷ್ಟೇ ಸಣ್ಣ ಕೆಲಸ.

“ಮತ್ತ ಯಾಕ ಹಾಕ್ಲಿಲ್ರಿ ನೀರು?”

“ಸಾಹೇಬ್ರು ಕುಂತಿರ್ತಾರ್ರಿ. ಏಳ್ರಿ ಮ್ಯಾಲ ಅಂತ ನಾ ಹ್ಯಾಂಗ ಅನ್ಲಿ?”

“ನಾ ಕುಂತಿರಲಾರದಾಗ?”

“ಆವಾಗ ಗಾಡಿ ಶೆಡ್ಡಿನ್ಯಾಗ ಇರ್ತೈತ್ರಿ. ಶೆಡ್ಡಿನ ಕೀಲಿ ಸಾಹೇಬ್ರ ಮನ್ಯಾಗ.”

ಸಾಹೇಬರು ಇದ್ದಾಗ ಸೀಟು ಖಾಲಿ ಇಲ್ಲ, ಸಾಹೇಬರು ಇಲ್ಲದಾಗ ಗಾಡಿಗೆ ಬೀಗ. ಬ್ಯಾಟರಿ ಪೂರ್ತಿ ಸತ್ತಾಗ ಮಾತ್ರ ಹೊಸದಕ್ಕೆ ಬರೆಯುವುದು, ಅದು ಬಂದರೆ ಅದನ್ನೂ ಹೀಗೇ ಕೊಲ್ಲುವುದು. ವಾಹ್ ನಮ್ಮ ಸರಕಾರವೇ! ಆ ಸಂಜೆ ಊರಿಗೆ ಮರಳಿದ ಕೂಡಲೇ ಶೆಡ್ಡಿನ ಕೀಲಿಯನ್ನು ಮನೆಯಿಂದ ತಂದು ಮೌಲಾಸಾಬರ ಕೈಗೆ ಇಟ್ಟೆ.

ಮರುದಿನವೇ ಗಾಡಿಯನ್ನು ಇಳಕಲ್ಲಿನ ಕಾಳಪ್ಪನ ವೆಲ್ಡಿಂಗ್ ಅಂಗಡಿಗೆ ಒಯ್ದೆವು. ಸೀಟು ಬಿಚ್ಚುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಳಗೆ ನೋಡಿದರೆ ಟರ್ಮಿನಲ್ಲುಗಳ ಮೇಲೆ, ಅಂದರೆ ವಾಯರು ಕೂಡಿಸುವ ಗೂಟಗಳ ಮೇಲೆ, ಹಸಿರು-ಬಿಳಿ ಉಪ್ಪು ಹೂ ಬಿಟ್ಟಿತ್ತು. ನೀರು ಇಳಿದು ಪ್ಲೇಟುಗಳು ಬಯಲಾಗಿದ್ದವು. ಬ್ಯಾಟರಿ ಅಂಗಡಿಯವರು ಚಾರ್ಜ್ ಮಾಡಿ, “ಇನ್ನೂ ಜೀವ ಐತ್ರಿ. ಆದ್ರ ವಾರಕ್ಕೊಮ್ಮೆ ಮಾರಿ ನೋಡಬೇಕು” ಎಂದರು.

ವಾರಕ್ಕೊಮ್ಮೆ ಮುಖ ನೋಡುವುದು ಹೇಗೆ? ಅದೇ ಪ್ರಶ್ನೆ. ನಾನು ಸುಣ್ಣದ ಕಡ್ಡಿ ಹಿಡಿದು ಕಾಳಪ್ಪನ ನೆಲದ ತುಂಬ ಚಿತ್ರ ಬರೆದೆ. ದನದ ಹೊಟ್ಟೆ ಕೊಯ್ಯುವವನು ಜೀಪಿನ ಹೊಟ್ಟೆಗೆ ಕೈ ಹಾಕಿದ್ದೆ, ಆ ಉಮೇದಿಗೆ ಊಟದ ನೆನಪೂ ಆಗಲಿಲ್ಲ. ಬ್ಯಾಟರಿಯನ್ನೇ ಬಾನೆಟ್ ಒಳಗೆ ತಂದರೆ? ಜಾಗವಿಲ್ಲ, ಇದ್ದ ಜಾಗದಲ್ಲಿ ಸೈಲೆನ್ಸರ್ ಕೊಳವೆಯ ಕಾವು. ಮೇಜಿನ ಖಾನೆಯ ಹಾಗೆ ಪಕ್ಕಕ್ಕೆ ಎಳೆಯುವಂತೆ ಮಾಡಿದರೆ? ಗಾಡಿಯ ಮೈ ಕೊಯ್ಯಬೇಕು, ಸರಕಾರಿ ಗಾಡಿ ಕೊಯ್ಯಲು ಒಪ್ಪಿಗೆ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ.

ಕಾಳಪ್ಪ ಬೀಡಿ ಆರಿಸಿ ಹೇಳಿದ. “ಕೊಯ್ಯೂದ್ಯಾಕ್ರಿ? ಇದ್ದ ತೂತಿಗೇ ಬಿಜಾಗ್ರಿ ಕೂಡ್ಸೂಣು. ಟ್ರಂಕಿನ ಮುಚ್ಚಳದಂಗ ಸೀಟ ಎತ್ತಿದ್ರಾತು.”

“ಹೌದಲೇ!” ಎಂದು ನಾನು ಕುಣಿದೇಬಿಟ್ಟೆ. ಮುಂದಿನ ಎರಡು ಬೋಲ್ಟಿನ ಜಾಗದಲ್ಲಿ ಬಾಗಿಲಿಗೆ ಹಾಕುವಂಥ ಎರಡು ದಪ್ಪ ಬಿಜಾಗರಿ, ಹಿಂದೆ ಒಂದೇ ಒಂದು ಚಿಲಕ. ಚಿಲಕ ಸರಿಸಿ ಸೀಟು ಮುಂದಕ್ಕೆ ಮಗುಚಿದರೆ ಬ್ಯಾಟರಿ ಎದುರಿಗೇ. ಗಾಡಿಗೆ ಒಂದು ಹೊಸ ತೂತೂ ಇಲ್ಲ. ತಗಡಿನ ಮುಚ್ಚಳ ಇನ್ನೇಕೆ ಎಂದು ಮೂವರೂ ಕೂಡಿ ತೀರ್ಮಾನಿಸಿ ಅದನ್ನು ಮೂಲೆಗೆ ಒಗೆದೆವು.

ನಾನು ಜಂಬದಿಂದ ಹತ್ತಿ ಕುಳಿತೆ. ನನ್ನ ಭಾರಕ್ಕೆ ಸೀಟಿನ ಸ್ಪ್ರಿಂಗುಗಳು ಜಗ್ಗಿ ಎರಡೂ ಟರ್ಮಿನಲ್ಲಿಗೆ ತಾಗಿದವು. ಚಟ್ ಎಂದು ಕಿಡಿ, ಬುಸ್ಸನೆ ಹೊಗೆ! ನಾನು ಹಾರಿದ್ದು ನೆನಪಿದೆ, ಇಳಿದದ್ದು ನೆನಪಿಲ್ಲ. ಕಾಳಪ್ಪ ನೆಲಕ್ಕೆ ಕುಳಿತು ನಗುತ್ತಿದ್ದ. ಮೌಲಾಸಾಬರು ಮಾತ್ರ ನಗಲಿಲ್ಲ, ನನ್ನ ಪ್ಯಾಂಟಿನ ಹಿಂಭಾಗ ಝಾಡಿಸುತ್ತ “ತೋಬಾ ತೋಬಾ” ಎಂದರು. ಮುಚ್ಚಳ ಮೂಲೆಯಿಂದ ಮರಳಿ ಬಂತು. ಅದರ ಮೇಲೆ ಹಳೆಯ ಲಾರಿ ಟೈರಿನ ರಬ್ಬರು ಕೂಡಿಸಿ, ಸ್ಕ್ರೂ ಬದಲು ಬೆರಳಲ್ಲೇ ತಿರುಗಿಸುವ ರೆಕ್ಕೆಯ ನಟ್ಟು ಹಾಕಿದೆವು. ನಟ್ಟು ತಿರುಗಿಸುವ ಪಾನಾ ಬೇಡ, ಮಲಗುವುದು ಬೇಡ. ಎದ್ದರೆ ಸಾಕು, ಬ್ಯಾಟರಿ ಕಾಣುತ್ತದೆ.

ಆದರೆ ಏಳಬೇಕಲ್ಲ! ಮೌಲಾಸಾಬರಿಗೆ ಈ ಇಡೀ ವ್ಯವಸ್ಥೆಯೇ ಒಗ್ಗಲಿಲ್ಲ. “ಮಂದಿ ಎದುರಿಗೆ ಸಾಹೇಬ್ರ ಸೀಟ ಡಬ್ಬ ಹಾಕೂದು ಚಲೋ ಕಾಣಂಗಿಲ್ರಿ” ಎನ್ನುತ್ತಿದ್ದರು. ಕೀಲಿ ಕೈಗೆ ಬಂದರೂ ನಾನು ಇಲ್ಲದಾಗ ಆ ಸೀಟು ಮುಟ್ಟಲಿಲ್ಲ. ಕೊನೆಗೆ ಪ್ರತಿ ಸೋಮವಾರ ನಾನೇ ಇಳಿದು, ಟಾವೆಲ್ ಮಡಚಿ, ಸೀಟು ಎತ್ತಿ, ನೀರಿನ ಮಟ್ಟ ನೋಡತೊಡಗಿದೆ. ಅವರು ಪಕ್ಕದಲ್ಲಿ ನಿಂತು ಬೇರೆ ಕಡೆ ನೋಡುತ್ತಿದ್ದರು. ಬ್ಯಾಟರಿ ಮಾತ್ರ ಖುಷಿಯಾಗಿತ್ತು. ಸೆಲ್ಫ್, ಅಂದರೆ ಎಂಜಿನ್ ಚಾಲೂ ಮಾಡುವ ಗುಂಡಿ, ಒತ್ತಿದರೆ ಸಾಕು, ಒಂದೇ ಏಟಿಗೆ ಎಂಜಿನ್ ಏಳುತ್ತಿತ್ತು.

ಜೂನ್ ಶುರುವಿನಲ್ಲಿ ಬಾಗಲಕೋಟೆಯಿಂದ ಲಸಿಕೆ ಬಂತು. ಬರ್ಫು ತುಂಬಿದ ಥರ್ಮಾಸ್ ಡಬ್ಬಿಯಲ್ಲಿ ಇಟ್ಟುಕೊಂಡು ಬೆಳಿಗ್ಗೆಯೇ ಹೊರಟೆವು. ಬರ್ಫು ಕರಗಿ ಲಸಿಕೆಗೆ ಬಿಸಿ ತಟ್ಟಿದರೆ ಅದು ಬರೀ ನೀರು. ಪಡುವಣ ದಿಕ್ಕಿಗೆ ಮೋಡ ಕಪ್ಪಾಗಿ ಕಟ್ಟಿತ್ತು. ರಾಮಥಾಳ ದಾಟಿ ಎರಿ ಭೂಮಿಗೆ ಇಳಿದೆವು. ಆಹಾ, ಆ ಬಯಲು! ಕಣ್ಣು ಹಾಯಿಸಿದಷ್ಟೂ ಹರಗಿ ಬಿಟ್ಟ ಕಪ್ಪು ಹೊಲ, ಎಲ್ಲೂ ಒಂದು ದಿಬ್ಬವಿಲ್ಲ. ನನಗೆ ಹಾಡು ಬರುತ್ತಿತ್ತು, ಮೌಲಾಸಾಬರಿಗೆ ಬೆವರು ಬರುತ್ತಿತ್ತು.

ಊರು ಕಣ್ಣಿಗೆ ಬಿದ್ದಿತ್ತು. ಅಷ್ಟರಲ್ಲಿ ದಪ್ಪ ಹನಿ ಬಿದ್ದವು. ನಡುವೆ ಒಂದು ಸಣ್ಣ ಹಳ್ಳ. ಗಾಡಿ ಅದರ ಕಲ್ಲಿನ ಮೇಲೆ ಎತ್ತೆತ್ತಿ ಹಾಕಿ ಆಚೆ ದಂಡೆ ಹತ್ತಿ ನಿಂತುಬಿಟ್ಟಿತು. ಎಂಜಿನ್ ಬಂದ್. ಮೌಲಾಸಾಬರು ಸೆಲ್ಫ್ ಒತ್ತಿದರು. ಸದ್ದೇ ಇಲ್ಲ. ಮತ್ತೆ ಒತ್ತಿದರು. ಇಲ್ಲ. ಮುಂದಿನಿಂದ ಹ್ಯಾಂಡಲ್ ಹೊಡೆಯೋಣವೆಂದರೆ ಅದರ ಹಲ್ಲು ಸವೆದು ಎಂದೋ ಹೋಗಿತ್ತು. ನೂಕೋಣವೆಂದರೆ ನೆಲ ಆಗಲೇ ಚಪ್ಪಲಿ ಹಿಡಿಯುತ್ತಿತ್ತು. ಇನ್ನರ್ಧ ತಾಸು ಜೋರು ಮಳೆ ಬಂದರೆ ಆ ಊರಿಗೆ ಈ ವರ್ಷ ಲಸಿಕೆ ಇಲ್ಲ. ಡಬ್ಬಿಯನ್ನು ತೊಡೆಯ ಮೇಲೆ ಅವುಚಿಕೊಂಡು, ಆ ಮೂರ್ಖತನಕ್ಕೆ ಏನನ್ನಲಿ, ನಾನು ಕುಳಿತೇ ಇದ್ದೆ!

ಆಗ ಮೌಲಾಸಾಬರು ಗುಡುಗಿದರು.

“ಏ ಸಾಹೇಬ್ರ, ಏಳ್ರಿ ಮ್ಯಾಲ!”

ಇಡೀ ಸರ್ವೀಸಿನಲ್ಲಿ ಯಾವ ಮೇಲಧಿಕಾರಿ ಕೂಗಿದಾಗಲೂ ನಾನು ಅಷ್ಟು ಬೇಗ ಎದ್ದಿಲ್ಲ. ಅವರು ಒಗೆದ ಟಾವೆಲನ್ನು ಕೆಸರಿಗೆ ಎಸೆದು, ಚಿಲಕ ಸರಿಸಿ, ಸೀಟನ್ನು ಡಬ್ಬ ಹಾಕಿದರು. ರೆಕ್ಕೆಯ ನಟ್ಟು ತಿರುವಿ ಮುಚ್ಚಳ ತೆಗೆದರೆ, ಕುಲುಕಾಟಕ್ಕೆ ಟರ್ಮಿನಲ್ಲಿನ ಒಂದು ಕ್ಲ್ಯಾಂಪು ಸಡಿಲಾಗಿ ಕಳಚಿ ನಿಂತಿತ್ತು. ನಾನು ತಾಡಪತ್ರಿಯ ಅಂಚನ್ನು ಕೊಡೆಯ ಹಾಗೆ ಹಿಡಿದೆ, ಅವರು ಕ್ಲ್ಯಾಂಪು ಕೂಡಿಸಿ ಪಾನಾದಿಂದ ಬಿಗಿದರು. ನಾಲ್ಕು ಬೋಲ್ಟಿನ ಕಾಲವಾಗಿದ್ದರೆ ಕೆಸರಿನಲ್ಲಿ ಮಲಗಿ ಸಂಜೆ ಮಾಡಬೇಕಿತ್ತು. ಸೆಲ್ಫ್ ಒತ್ತಿದರು. ಎಂಜಿನ್ ಗರ್ಜಿಸಿತು! ನಾನು “ಭಲೇ ಮೌಲಾಸಾಬ್ರ!” ಎಂದು ಕಿರುಚಿದ್ದಕ್ಕೆ ಪಕ್ಕದ ಹೊಲದ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ಊರಿಗೆ ಊರೇ ದನ ಹಿಡಿದು ನಿಂತಿತ್ತು. ನೀಲವ್ವ ಎಲ್ಲರನ್ನೂ ತಳ್ಳಿಕೊಂಡು ತನ್ನ ಎತ್ತು, ಹೋರಿ ಎರಡನ್ನೂ ಮುಂದೆ ತಂದಳು. ಹೋರಿ ಕೊಂಬು ಝಾಡಿಸಿದಾಗ ಮೂಗುದಾರ ಗಟ್ಟಿ ಹಿಡಿದು, “ಚುಚ್ಚು ಯಪ್ಪಾ, ಅಂಜಬ್ಯಾಡ” ಎಂದು ನನಗೇ ಧೈರ್ಯ ಹೇಳಿದಳು. ಹನಿಯಲ್ಲೇ ಲಸಿಕೆ ಹಾಕಿದೆ. ಕೈ ಸೋತು ಬಿದ್ದರೂ ನಿಲ್ಲಿಸಲಿಲ್ಲ. ಕೊನೆಯ ಕರುವಿಗೆ ಹಾಕುವ ಹೊತ್ತಿಗೆ ಮೋಡ ಒಡೆದು ಮಳೆ ಧೋ ಎಂದು ಸುರಿಯಿತು. ಅಲ್ಲಿಂದ ಹೇಗೋ ಪಾರಾದೆವು, ಮರುದಿನದಿಂದ ಆ ದಾರಿ ಬಂದ್ ಆಯಿತು.

ಆ ವರ್ಷ ಗಳಲೆ ಸ್ವಲ್ಪ ತಡವಾಗಿ, ಜುಲೈಯಲ್ಲಿ, ಸುತ್ತಲ ಊರುಗಳಿಗೆ ಬಂತು, ನೀಲವ್ವನ ಊರಿನಲ್ಲಿ ಒಂದು ಎತ್ತೂ ಸಾಯಲಿಲ್ಲ. ಸುದ್ದಿ ತಿಳಿದ ದಿನ ನಾನು ದವಾಖಾನೆಯ ಹಿಂದೆ ಹೋಗಿ ಅತ್ತೆ. ಯಾಕೆ ಸುಳ್ಳು ಹೇಳಲಿ, ಸಂತೋಷಕ್ಕೇ ಅತ್ತೆ. ಆಕೆ ಆ ಜೋಡಿ ಕಟ್ಟಿ ತನ್ನ ಹೊಲ ತಾನೇ ಬಿತ್ತಿದಳು.

ಮುಂದೆ ನಾನು ಎಂಬತ್ತರ ದಶಕದಲ್ಲಿ ಬಾಗಲಕೋಟೆಯಲ್ಲಿ ಮೇಲಿನ ಹುದ್ದೆಗೆ ಬಂದಾಗ ನನ್ನ ಕೈಕೆಳಗೆ ಹಲವು ಗಾಡಿಗಳಿದ್ದವು. ತಾವು ಎಷ್ಟು ಊರು ಸುತ್ತಿದೆವು ಎಂದು ತರುಣ ಡಾಕ್ಟರುಗಳು ಹೆಮ್ಮೆಯಿಂದ ಹೇಳಲು ಬರುತ್ತಿದ್ದರು. ನಾನು ಅವರನ್ನು ಹೊರಗೆ ಕೂಡಿಸಿ, ಮೊದಲು ಡ್ರೈವರನ್ನು ಒಳಗೆ ಕರೆದು ಒಂದೇ ಮಾತು ಕೇಳುತ್ತಿದ್ದೆ. “ಗಾಡಿ ಯಾವ ಊರಿಗೆ ಹೋಗೂದಿಲ್ರಿ, ಯಾಕ ಹೋಗೂದಿಲ್ಲ?” ಉತ್ತರ ಹೇಳಲು ಆ ಡ್ರೈವರು ಅಳುಕಿದರೆ, ನನ್ನ ಕುರ್ಚಿಯಿಂದ ಎದ್ದು ನಿಂತು ಮತ್ತೊಮ್ಮೆ ಕೇಳುತ್ತಿದ್ದೆ.